ಅನ್ನಕ್ಕೆ ಪರಮಾಣುವಿನ ಸಾಕ್ಷ್ಯ: ಹೊಸಬರಿಗೊಂದು ಪರಿಚಯ

ಮಳೆಗಾಲದಲ್ಲಿ ನಮ್ಮ ಚಿಕ್ಕೇರೂರಿನ ಸುತ್ತಮುತ್ತ ಒಮ್ಮೆ ನಡೆದು ನೋಡಿ. ಕಣ್ಣು ಹಾಯಿಸಿದಲ್ಲೆಲ್ಲ ಗೋವಿನಜೋಳ, ನಡುನಡುವೆ ಹತ್ತಿ, ಶೇಂಗಾ. ಹಾನಗಲ್ಲ ಸೀಮೆಗೆ ಹೊರಳಿದರೆ ಭತ್ತದ ಗದ್ದೆ, ಮಾವಿನ ತೋಟ. ಬ್ಯಾಡಗಿಯ ದಾರಿ ಹಿಡಿದರೆ ಮೆಣಸಿನಕಾಯಿ. ಗೋವಿನಜೋಳದ ಗಿಡಕ್ಕೂ ಭತ್ತದ ಗಿಡಕ್ಕೂ ಮೇಲ್ನೋಟಕ್ಕೆ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಕಣ್ಣಿಗೆ ಕಾಣದ ಇನ್ನೊಂದು ವ್ಯತ್ಯಾಸವೂ ಇದೆ. ಈ ಎರಡು ಗಿಡಗಳ ಮೈಯಲ್ಲಿರುವ ಇಂಗಾಲದ ಪರಮಾಣುಗಳ ಸರಾಸರಿ ತೂಕ ಒಂದೇ ಅಲ್ಲ. ಈ ವ್ಯತ್ಯಾಸ ಬಹಳ ಸಣ್ಣದು. ಆದರೂ ಅದನ್ನು ಅಳೆಯಲು ಬರುತ್ತದೆ. ಅಳೆದರೆ, ಬಾಟಲಿಯಲ್ಲಿರುವುದು ಬರಿಯ ಜೇನೋ, ಕಬ್ಬಿನ ಪಾಕ ಬೆರೆಸಿದ್ದೋ ಎಂದು ಹೇಳಬಹುದು.

ಪರಮಾಣು ವಿಜ್ಞಾನ ಎಂದ ಕೂಡಲೇ ನಮ್ಮ ರಾಜ್ಯದಲ್ಲಿ ಹೆಚ್ಚಿನವರಿಗೆ ಕೈಗಾದ ಅಣುವಿದ್ಯುತ್ ಸ್ಥಾವರ ನೆನಪಾಗುತ್ತದೆ, ಇಲ್ಲವೇ ಬಾಂಬು. ಅದೇ ವಿಜ್ಞಾನ ನಾವು ಉಣ್ಣುವ ಆಹಾರದ ನಿಜವನ್ನು ಪರೀಕ್ಷಿಸುತ್ತದೆ, ಆಹಾರ ತುಂಬಿಡುವ ಚೀಲವನ್ನು ಸುರಕ್ಷಿತವಾಗಿಸಲು ನೆರವಾಗುತ್ತದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ನನಗೆ ಬಹಳ ಪ್ರಿಯವಾದ ವಿಷಯವಿದು. ನೀವು ವಿಜ್ಞಾನ ಓದಿರಲಿ, ಬಿಡಲಿ, ಕುತೂಹಲವೊಂದಿದ್ದರೆ ಸಾಕು. ಬುಡದಿಂದಲೇ ಆರಂಭಿಸೋಣ.

ಪ್ರತಿಯೊಂದು ವಸ್ತುವೂ ಪರಮಾಣುಗಳಿಂದ ಆಗಿದೆ. ಪರಮಾಣುವಿನ ನಡುವೆ ಬೀಜಕೇಂದ್ರವಿದೆ. ಅದರಲ್ಲಿ ಎರಡು ಬಗೆಯ ಕಣಗಳಿವೆ: ಪ್ರೋಟಾನು ಮತ್ತು ನ್ಯೂಟ್ರಾನು. ಪ್ರೋಟಾನುಗಳ ಸಂಖ್ಯೆ ಆ ಪರಮಾಣು ಯಾವ ಧಾತುವಿನದು ಎಂಬುದನ್ನು ನಿರ್ಧರಿಸುತ್ತದೆ. ಆರು ಪ್ರೋಟಾನು ಇದ್ದರೆ ಅದು ಇಂಗಾಲವೇ, ಬೇರೆ ಏನೂ ಆಗಲಾರದು. ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಹೆಚ್ಚು ಕಡಿಮೆ ಆಗಬಹುದು. ಆರು ನ್ಯೂಟ್ರಾನು ಇರುವ ಇಂಗಾಲಕ್ಕೆ ಇಂಗಾಲ-12 ಎನ್ನುತ್ತಾರೆ, ಏಳು ಇದ್ದರೆ ಇಂಗಾಲ-13, ಎಂಟು ಇದ್ದರೆ ಇಂಗಾಲ-14. ಒಂದೇ ಧಾತುವಿನ ಇಂಥ ಬೇರೆ ಬೇರೆ ತೂಕದ ರೂಪಗಳಿಗೆ ಸಮಸ್ಥಾನಿಗಳು ಅಥವಾ ಐಸೋಟೋಪುಗಳು ಎಂದು ಹೆಸರು. ಹೊರಗೆ ಒಂದೇ ಥರ ಕಾಣುವ ಶೇಂಗಾ ಕಾಯಿಗಳಲ್ಲಿ ಕೆಲವಕ್ಕೆ ಒಳಗೆ ಎರಡು ಕಾಳು, ಕೆಲವಕ್ಕೆ ಮೂರು ಇರುವುದಿಲ್ಲವೇ, ಹಾಗೆಂದುಕೊಳ್ಳಿ. ನೋಡಿದರೆ ತಿಳಿಯುವುದಿಲ್ಲ, ತೂಗಿದರೆ ತಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಂಗಾಲ-12 ಮತ್ತು ಇಂಗಾಲ-13 ಸ್ಥಿರವಾದ ಸಮಸ್ಥಾನಿಗಳು. ಅವು ಯಾವ ವಿಕಿರಣವನ್ನೂ ಸೂಸುವುದಿಲ್ಲ, ಎಂದೆಂದಿಗೂ ಹಾಗೆಯೇ ಇರುತ್ತವೆ. ಪ್ರಕೃತಿಯಲ್ಲಿರುವ ಇಂಗಾಲದಲ್ಲಿ ನೂರಕ್ಕೆ ಸುಮಾರು 98.9 ಪಾಲು ಇಂಗಾಲ-12, ಸುಮಾರು 1.1 ಪಾಲು ಇಂಗಾಲ-13. ನಿಮ್ಮ ಮೈಯಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ಇಂಗಾಲ-14 ಮಾತ್ರ ವಿಕಿರಣಶೀಲ, ಅಂದರೆ ಕಾಲಕ್ರಮದಲ್ಲಿ ತಾನಾಗಿ ಒಡೆದು ಬೇರೆ ಧಾತುವಾಗುವಂಥದು. ಅದು ಲಕ್ಷ ಕೋಟಿ ಇಂಗಾಲ ಪರಮಾಣುಗಳಲ್ಲಿ ಒಂದರಂತೆ ಇರುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಈ ತೂಕಗಳನ್ನು ಬೇರ್ಪಡಿಸುವ ಯಂತ್ರಕ್ಕೆ ದ್ರವ್ಯರಾಶಿ ರೋಹಿತಮಾಪಕ ಎಂದು ಹೆಸರು. ಹೆಸರು ದೊಡ್ಡದು, ತತ್ವ ಸರಳ. ಚಿಟಿಕೆಗಿಂತಲೂ ಕಡಿಮೆ ಮಾದರಿಯನ್ನು ಬಹಳ ಬಿಸಿಯಾದ ಕುಲುಮೆಯಲ್ಲಿ ಸುಡುತ್ತಾರೆ. ಅದರ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡು ಅನಿಲವಾಗುತ್ತದೆ. ಆ ಅನಿಲದ ಅಣುಗಳಿಗೆ ವಿದ್ಯುದಂಶ ಕೊಟ್ಟು ಆಯಸ್ಕಾಂತದ ನಡುವೆ ಓಡಿಸುತ್ತಾರೆ. ಹಗುರವಾದ ಅಣು ಹೆಚ್ಚು ಬಾಗುತ್ತದೆ, ಭಾರವಾದ ಅಣು ಕಡಿಮೆ ಬಾಗುತ್ತದೆ. ಹೀಗೆ ಬೇರೆ ಬೇರೆ ಜಾಗಕ್ಕೆ ಬಂದು ಬೀಳುವ ಅಣುಗಳನ್ನು ಎಣಿಸಿದರೆ ಭಾರದ ಇಂಗಾಲ ಎಷ್ಟು, ಹಗುರದ್ದು ಎಷ್ಟು ಎಂಬ ಅನುಪಾತ ಸಿಗುತ್ತದೆ.

ಆ ಅನುಪಾತವನ್ನು ಹಾಗೆಯೇ ಬರೆದರೆ ಸೊನ್ನೆಗಳ ಸಾಲೇ ಆದೀತು. ಅದಕ್ಕಾಗಿ ಜಗತ್ತಿನ ಎಲ್ಲ ಪ್ರಯೋಗಾಲಯಗಳೂ ಒಂದು ಮಾನಕವನ್ನು ಒಪ್ಪಿಕೊಂಡಿವೆ. ಮಾದರಿಯು ಆ ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಪಾಲು ಹೆಚ್ಚು ಅಥವಾ ಕಡಿಮೆ ಎಂದು ಬರೆಯುತ್ತವೆ. ಇದಕ್ಕೆ ಡೆಲ್ಟಾ ಬೆಲೆ ಎನ್ನುತ್ತಾರೆ. ಇಂಗಾಲದ ಮಾನಕ ಸಮುದ್ರಜೀವಿಯೊಂದರ ಪಳೆಯುಳಿಕೆಯಿಂದ ಬಂದದ್ದು. ಅದರಲ್ಲಿ ಇಂಗಾಲ-13 ತುಸು ಹೆಚ್ಚು. ಆದ್ದರಿಂದ ಗಿಡಮರಗಳ ಬೆಲೆಗಳೆಲ್ಲ ಋಣಸಂಖ್ಯೆಗಳಾಗಿ ಬರುತ್ತವೆ. ಋಣಚಿಹ್ನೆ ನೋಡಿ ಗಾಬರಿಯಾಗಬೇಡಿ. ಮೈನಸ್ 25 ಎಂದರೆ, ಮಾನಕಕ್ಕಿಂತ ಭಾರದ ಇಂಗಾಲ ಸಾವಿರಕ್ಕೆ 25 ಪಾಲು ಕಡಿಮೆ ಎಂದರ್ಥ, ಅಷ್ಟೇ.

ಈಗ ಗೋವಿನಜೋಳಕ್ಕೂ ಭತ್ತಕ್ಕೂ ಮರಳೋಣ. ಎರಡೂ ಗಾಳಿಯಿಂದಲೇ ಇಂಗಾಲ ಪಡೆಯುತ್ತವೆ, ಗಾಳಿ ಎರಡಕ್ಕೂ ಒಂದೇ. ಆದರೆ ಇಂಗಾಲವನ್ನು ಹಿಡಿಯುವ ರೀತಿ ಬೇರೆ. ಭತ್ತ, ಗೋಧಿ, ಹತ್ತಿ, ಶೇಂಗಾ, ಮೆಣಸಿನಕಾಯಿ, ಮಾವು ಮತ್ತು ಹೆಚ್ಚಿನ ಮರಗಳಲ್ಲಿ ಒಂದು ಕಿಣ್ವ, ಅಂದರೆ ಜೀವಕೋಶದ ಕೆಲಸವನ್ನು ನಡೆಸುವ ಪ್ರೋಟೀನು, ಗಾಳಿಯ ಇಂಗಾಲವನ್ನು ನೇರವಾಗಿ ಹಿಡಿಯುತ್ತದೆ. ಅದಕ್ಕೆ ಹಗುರವಾದ ಇಂಗಾಲ-12ರ ಮೇಲೆ ಒಲವು ಹೆಚ್ಚು. ಹೀಗೆ ಮೊದಲು ತಯಾರಾಗುವ ವಸ್ತುವಿನಲ್ಲಿ ಮೂರು ಇಂಗಾಲಗಳಿರುವುದರಿಂದ ಈ ಗಿಡಗಳಿಗೆ ಸಿ-3 ಸಸ್ಯಗಳೆನ್ನುತ್ತಾರೆ. ಗೋವಿನಜೋಳ, ಬಿಳಿಜೋಳ, ಕಬ್ಬು, ಸಜ್ಜೆ, ನವಣೆ, ರಾಗಿಗಳಲ್ಲಿ ಬೇರೊಂದು ಕಿಣ್ವ ಮೊದಲು ಕೈ ಹಾಕುತ್ತದೆ. ಅದು ಹಗುರ, ಭಾರ ಎಂದು ಅಷ್ಟಾಗಿ ಭೇದ ಮಾಡುವುದಿಲ್ಲ. ಅಲ್ಲಿ ಮೊದಲು ಹುಟ್ಟುವ ವಸ್ತುವಿನಲ್ಲಿ ನಾಲ್ಕು ಇಂಗಾಲಗಳು. ಅವು ಸಿ-4 ಸಸ್ಯಗಳು. ಫಲವಾಗಿ ಸಿ-3 ಸಸ್ಯಗಳ ಡೆಲ್ಟಾ ಬೆಲೆ ಸಾಮಾನ್ಯವಾಗಿ ಮೈನಸ್ 22ರಿಂದ ಮೈನಸ್ 33ರವರೆಗೆ ಇದ್ದರೆ, ಸಿ-4 ಸಸ್ಯಗಳದು ಮೈನಸ್ 10ರಿಂದ ಮೈನಸ್ 14ರ ಆಸುಪಾಸು. ಎರಡು ಗುಂಪುಗಳ ನಡುವೆ ದೊಡ್ಡ ಅಂತರವಿದೆ. ನಮ್ಮ ಮನೆಗಳಲ್ಲಿ ತಟ್ಟೆಯ ಜೋಳದ ರೊಟ್ಟಿ ಒಂದು ಗುಂಪಿನದು, ಪಕ್ಕದ ಅನ್ನ ಇನ್ನೊಂದು ಗುಂಪಿನದು.

ಸಿ-4 ಸಸ್ಯಗಳ ಈ ದಾರಿ ಬೆಳಕಿಗೆ ಬಂದದ್ದೂ ಪರಮಾಣು ವಿಜ್ಞಾನದಿಂದಲೇ. ಕಬ್ಬಿನ ಎಲೆಗೆ ವಿಕಿರಣಶೀಲ ಇಂಗಾಲ-14 ಇರುವ ಗಾಳಿಯನ್ನು ಕೊಟ್ಟು, ಅದು ಮೊದಲು ಯಾವ ವಸ್ತುವಿನಲ್ಲಿ ಸೇರುತ್ತದೆ ಎಂದು ಹಿಂಬಾಲಿಸಿದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ವಿವರಿಸಿದರು.

ಇದನ್ನು ಜೇನಿಗೆ ಅನ್ವಯಿಸಿ ನೋಡೋಣ. ಜೇನುನೊಣ ಮಕರಂದ ತರುವುದು ಬಹುಪಾಲು ಸಿ-3 ಸಸ್ಯಗಳ ಹೂಗಳಿಂದ. ಮಲೆನಾಡಿನ ಕಾಡುಮರ, ತೋಟದ ಗಿಡಗಂಟಿಗಳೆಲ್ಲ ಆ ಗುಂಪಿನವೇ. ಹಾಗಾಗಿ ಶುದ್ಧ ಜೇನಿನ ಬೆಲೆ ಸುಮಾರು ಮೈನಸ್ 25. ಕಲಬೆರಕೆ ಮಾಡುವವರಿಗೆ ಅಗ್ಗವಾಗಿ ಸಿಗುವುದು ಕಬ್ಬಿನ ಸಕ್ಕರೆ ಪಾಕ ಅಥವಾ ಗೋವಿನಜೋಳದ ಪಿಷ್ಟದಿಂದ ಮಾಡಿದ ಪಾಕ. ಎರಡೂ ಸಿ-4, ಅವುಗಳ ಬೆಲೆ ಸುಮಾರು ಮೈನಸ್ 11. ಬಣ್ಣ, ಸಿಹಿ, ಮಂದತನ ಎಲ್ಲವನ್ನೂ ಜೇನಿಗೆ ಹೊಂದಿಸಬಹುದು. ಸಕ್ಕರೆಯ ರಾಸಾಯನಿಕ ರಚನೆಯೂ ಒಂದೇ ಇರುವುದರಿಂದ ಸಾಮಾನ್ಯ ಪರೀಕ್ಷೆಗೆ ಅದು ಸಿಕ್ಕಿಬೀಳದಿರಬಹುದು. ಬೀಜಕೇಂದ್ರದ ತೂಕವನ್ನು ಹೊಂದಿಸುವುದು ಅಷ್ಟು ಸುಲಭವಲ್ಲ.

ನೀವು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಎಲ್ಲ ಶುದ್ಧ ಜೇನೂ ಕರಾರುವಾಕ್ಕಾಗಿ ಮೈನಸ್ 25 ಇರುವುದಿಲ್ಲವಲ್ಲ, ಒಂದು ಊರಿನದು ಮೈನಸ್ 23.5, ಇನ್ನೊಂದರದು ಮೈನಸ್ 26.5 ಇರಬಹುದಲ್ಲ, ಆಗ ಸ್ವಲ್ಪವೇ ಬೆರೆಸಿದ್ದು ಹೇಗೆ ಗೊತ್ತಾಗುತ್ತದೆ? ಒಳ್ಳೆಯ ಪ್ರಶ್ನೆ. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉತ್ತರ ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾಗಿ ಕಾಣುತ್ತದೆ. ಜೇನಿನಲ್ಲಿ ಸಕ್ಕರೆಯ ಜೊತೆಗೆ ಪರಾಗದಿಂದ, ನೊಣದಿಂದ ಬಂದ ಅತ್ಯಲ್ಪ ಪ್ರೋಟೀನೂ ಇರುತ್ತದೆ. ಸಕ್ಕರೆ ಪಾಕದಲ್ಲಿ ಪ್ರೋಟೀನು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಪಾಕ ಬೆರೆಸಿದರೂ ಪ್ರೋಟೀನಿನ ಡೆಲ್ಟಾ ಬೆಲೆ ಬದಲಾಗುವುದಿಲ್ಲ. ಪ್ರೋಟೀನನ್ನು ಪ್ರತ್ಯೇಕಿಸಿ ಅದರ ಬೆಲೆಯನ್ನು ಅಳೆಯುತ್ತಾರೆ, ಇಡೀ ಜೇನಿನ ಬೆಲೆಯನ್ನೂ ಅಳೆಯುತ್ತಾರೆ. ಶುದ್ಧ ಜೇನಾದರೆ ಎರಡೂ ಹತ್ತಿರ ಹತ್ತಿರ ಇರುತ್ತವೆ. ಅಂದರೆ ಪ್ರತಿಯೊಂದು ಜೇನೂ ತನ್ನ ಅಳತೆಗೋಲನ್ನು ತನ್ನೊಳಗೇ ಇಟ್ಟುಕೊಂಡಿದೆ.

ಒಂದು ಲೆಕ್ಕ ಮಾಡಿ ನೋಡಿ. ಪ್ರೋಟೀನು ಮೈನಸ್ 25 ತೋರಿಸಿತು, ಜೇನು ಮೈನಸ್ 22 ತೋರಿಸಿತು ಎಂದುಕೊಳ್ಳಿ. ಜೇನು ಸಿ-4ರ ಕಡೆಗೆ 3 ಅಂಶ ಸರಿದಿದೆ. ಪೂರ್ತಿ ಪಾಕವೇ ಆಗಿದ್ದರೆ ಮೈನಸ್ 11ರವರೆಗೆ, ಎಂದರೆ 14 ಅಂಶ ಸರಿಯುತ್ತಿತ್ತು. 14ರಲ್ಲಿ 3 ಎಂದರೆ ನೂರಕ್ಕೆ ಸುಮಾರು 21. ಬಾಟಲಿಯ ಸಕ್ಕರೆಯಲ್ಲಿ ಐದನೆಯ ಒಂದು ಪಾಲು ಕಬ್ಬಿನ ಅಥವಾ ಗೋವಿನಜೋಳದ ಪಾಕ ಎಂದಾಯಿತು. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಜೇನಿಗೆ ಗೊತ್ತುಪಡಿಸಿದ ಮಾನಕಗಳಲ್ಲಿ ಈ ಪರೀಕ್ಷೆ ಇದೆ. ಸಿ-4 ಸಕ್ಕರೆಯ ಮಿತಿ ನೂರಕ್ಕೆ 7.

ಕಲಬೆರಕೆ ಮಾಡುವವರೂ ವಿಜ್ಞಾನ ಓದುತ್ತಾರೆ. ಅಕ್ಕಿಯಿಂದ ಮಾಡಿದ ಪಾಕ ಸಿ-3 ಗುಂಪಿನದಾದ್ದರಿಂದ ಈ ಪರೀಕ್ಷೆಗೆ ಸಿಗುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಇಂಥ ಪಾಕಗಳ ವಿಚಾರವನ್ನು ಬಯಲಿಗೆ ತಂದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಇಂಥ ಪಾಕಗಳನ್ನು ಹಿಡಿಯಲು ಬಳಕೆಗೆ ಬಂದಿರುವುದು ಬೀಜಕೇಂದ್ರೀಯ ಕಾಂತೀಯ ಅನುರಣನ ಎಂಬ ವಿಧಾನ. ಜಲಜನಕದ ಬೀಜಕೇಂದ್ರ ಸಣ್ಣ ಆಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ತರಂಗ ಹಾಯಿಸಿದರೆ, ಸುತ್ತಲಿನ ಅಣು ಯಾವುದು ಎಂಬುದಕ್ಕೆ ಅನುಗುಣವಾಗಿ ಅದು ಮರುದನಿ ಕೊಡುತ್ತದೆ. ಜೇನಿನಲ್ಲಿರುವ ಹತ್ತಾರು ವಸ್ತುಗಳ ಮರುದನಿಯನ್ನು ಒಟ್ಟಿಗೆ ದಾಖಲಿಸಿ ಶುದ್ಧ ಜೇನಿನ ದಾಖಲೆಗಳ ಜೊತೆ ಹೋಲಿಸುತ್ತಾರೆ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ತತ್ವವೂ ಇದೇ. ಇದರಲ್ಲಿ ವಿಕಿರಣಶೀಲ ವಸ್ತು ಏನೂ ಇಲ್ಲ.

ಇಲ್ಲಿಯವರೆಗೆ ನೋಡಿದ್ದು ವಸ್ತು ಯಾವುದು ಎಂಬ ಪ್ರಶ್ನೆ. ಅದು ಎಲ್ಲಿಯದು ಎಂಬ ಪ್ರಶ್ನೆ ಇದಕ್ಕಿಂತ ಕಠಿಣ, ನಮ್ಮ ಸೀಮೆಗೆ ಬಹಳ ಹತ್ತಿರದ್ದೂ ಹೌದು. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಸುಕ್ಕುಗಟ್ಟಿದ ಮೈ, ಕಡುಗೆಂಪು ಬಣ್ಣ, ಹದವಾದ ಖಾರ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಂದು ಪ್ರದೇಶದ ಹೆಸರನ್ನು ಆ ಪ್ರದೇಶದ ಬೆಳೆಗಷ್ಟೇ ಬಳಸಬೇಕೆಂಬ ಕಾನೂನಿನ ರಕ್ಷಣೆ ಅದು. ಆದರೆ ಬ್ಯಾಡಗಿಯ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಕಾಯಿ ಬರುತ್ತದೆ. ಪುಡಿ ಮಾಡಿ ಪ್ಯಾಕೆಟ್ಟಿಗೆ ತುಂಬಿದ ಮೇಲೆ ಸುಕ್ಕೂ ಇಲ್ಲ, ತೊಟ್ಟೂ ಇಲ್ಲ. ಆಗ ಕೇಳಬೇಕಾದ್ದು ನೀರನ್ನು ಮತ್ತು ಮಣ್ಣನ್ನು.

ನೀರಿನ ಅಣುವಿನಲ್ಲಿ ಜಲಜನಕ, ಆಮ್ಲಜನಕಗಳಿವೆ. ಇವೆರಡಕ್ಕೂ ಭಾರದ ಸಮಸ್ಥಾನಿಗಳಿವೆ. ಅರಬ್ಬೀ ಸಮುದ್ರದಿಂದ ಎದ್ದ ಮುಂಗಾರಿನ ಮೋಡ ಘಟ್ಟ ಹತ್ತುವಾಗ ಭಾರದ ನೀರು ಹೆಚ್ಚಾಗಿ ಮೊದಲು ಸುರಿದುಹೋಗುತ್ತದೆ. ಮೋಡ ಒಳನಾಡಿಗೆ ಸಾಗಿದಂತೆ ಉಳಿದ ಹಬೆಯಲ್ಲಿ ಹಗುರದ ನೀರಿನ ಪಾಲು ಏರುತ್ತದೆ. ಮೇಲಾಗಿ ಕೆರೆಯ ನೀರು ಬಿಸಿಲಿಗೆ ಆವಿಯಾಗುವಾಗ ಹಗುರದ್ದು ಮೊದಲು ಹಾರಿ, ಭಾರದ್ದು ಉಳಿಯುತ್ತದೆ. ಮಾಸೂರಿನ ಮದಗದ ಕೆರೆಯ ನೀರು ಬೇಸಿಗೆಯಲ್ಲಿ ಇರುವಂತೆ ಮಳೆಗಾಲದಲ್ಲಿ ಇರುವುದಿಲ್ಲ. ಬೆಳೆಯು ಯಾವ ನೀರನ್ನು ಕುಡಿಯಿತು, ಯಾವ ಹವೆಯಲ್ಲಿ ಬೆಳೆಯಿತು ಎಂಬುದರ ಗುರುತು ಅದರ ನಾರಿನಲ್ಲಿ, ಪಿಷ್ಟದಲ್ಲಿ ಉಳಿಯುತ್ತದೆ. ಆದರೆ ಮಳೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಈ ಗುರುತನ್ನು ಒಂದನ್ನೇ ನಂಬಿ ತೀರ್ಪು ಕೊಡಲಾಗದು.

ಮಣ್ಣಿನ ಗುರುತು ಹೆಚ್ಚು ಗಟ್ಟಿ. ಸ್ಟ್ರಾನ್ಷಿಯಂ ಎಂಬ ಧಾತು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಜೊತೆ ಗಿಡದ ಬೇರನ್ನು ಸೇರುತ್ತದೆ. ಅದರ ಒಂದು ಸಮಸ್ಥಾನಿ ಸ್ಟ್ರಾನ್ಷಿಯಂ-87. ಬಂಡೆಗಳಲ್ಲಿರುವ ರುಬಿಡಿಯಂ-87 ಬಹಳ ಬಹಳ ನಿಧಾನವಾಗಿ ಒಡೆದು ಅದಾಗುತ್ತದೆ. ಎಷ್ಟು ನಿಧಾನವೆಂದರೆ, ಇರುವ ರುಬಿಡಿಯಂನಲ್ಲಿ ಅರ್ಧ ಕರಗಲು ಸುಮಾರು 4,900 ಕೋಟಿ ವರ್ಷ ಬೇಕು. ಈ ಕಾಲಾವಧಿಗೆ ಅರ್ಧಾಯು ಎನ್ನುತ್ತಾರೆ. ಆದ್ದರಿಂದ ಬಂಡೆ ಹಳೆಯದಾಗಿದ್ದು ರುಬಿಡಿಯಂ ಹೆಚ್ಚಿದ್ದಷ್ಟೂ ಅದರಲ್ಲಿ ಸ್ಟ್ರಾನ್ಷಿಯಂ-87 ಹೆಚ್ಚು. ನಮ್ಮ ಕಾಲಡಿಯಲ್ಲಿರುವುದು ಧಾರವಾಡದ ಹೆಸರಿನಿಂದಲೇ ಭೂವಿಜ್ಞಾನಿಗಳು ಗುರುತಿಸುವ ಶಿಲಾಸಮೂಹ, 250 ಕೋಟಿ ವರ್ಷಗಳಿಗಿಂತ ಹಳೆಯದು. ಉತ್ತರಕ್ಕೆ ಬೆಳಗಾವಿಯನ್ನು ದಾಟಿದರೆ ಸಿಗುವ ದಖ್ಖನಿನ ಕಪ್ಪುಶಿಲೆ ಕೇವಲ 6.6 ಕೋಟಿ ವರ್ಷಗಳಷ್ಟು ಹಿಂದಿನದು. ಎರಡರ ಮೇಲಿನ ಮಣ್ಣಿನ ಸ್ಟ್ರಾನ್ಷಿಯಂ ಅನುಪಾತ ಬೇರೆ. ಗಿಡ ಆ ಅನುಪಾತವನ್ನು ಹೆಚ್ಚು ಕಡಿಮೆ ಇದ್ದ ಹಾಗೆಯೇ ಎತ್ತಿಕೊಳ್ಳುತ್ತದೆ. ಪುಡಿ ಮಾಡಿದರೂ, ಹುರಿದರೂ, ಕುದಿಸಿದರೂ ಅದು ಅಳಿಯುವುದಿಲ್ಲ.

ಸಾರಜನಕದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯೂರಿಯಾದ ಸಾರಜನಕ ಕಾರ್ಖಾನೆಯಲ್ಲಿ ಗಾಳಿಯಿಂದ ಹಿಡಿದದ್ದು, ಗಾಳಿಯಂತೆ ಅದರ ಡೆಲ್ಟಾ ಬೆಲೆಯೂ ಸೊನ್ನೆಯ ಹತ್ತಿರ. ಕೊಟ್ಟಿಗೆ ಗೊಬ್ಬರದಲ್ಲಿ ಭಾರದ ಸಾರಜನಕ-15 ಹೆಚ್ಚು. ಆದ್ದರಿಂದ ಸಾವಯವ ಎಂದು ಮಾರುವ ತರಕಾರಿಯನ್ನು ಹೀಗೆ ಪರೀಕ್ಷಿಸುವುದುಂಟು. ಆದರೆ ಸೆಣಬು, ಹುರುಳಿಯಂಥ ಬೆಳೆಗಳನ್ನು ಹಸಿರೆಲೆ ಗೊಬ್ಬರವಾಗಿ ಹೂಳಿದ ಪ್ರಾಮಾಣಿಕ ರೈತನ ಬೆಳೆಯೂ ಸೊನ್ನೆಯ ಹತ್ತಿರ ಬರಬಹುದು, ಏಕೆಂದರೆ ಆ ಬೆಳೆಗಳೂ ಗಾಳಿಯ ಸಾರಜನಕವನ್ನೇ ಹಿಡಿಯುತ್ತವೆ. ಇದನ್ನು ತಿಳಿಯದೆ ಬರಿಯ ಯಂತ್ರದ ಅಂಕಿ ನೋಡಿ ಒಬ್ಬನನ್ನು ಕಳ್ಳನೆನ್ನುವುದು ಅನ್ಯಾಯ.

ಇನ್ನು ಇಂಗಾಲ-14. ಅದರ ಅರ್ಧಾಯು ಸುಮಾರು 5,730 ವರ್ಷ. ಜೀವಂತ ಗಿಡದಲ್ಲಿ ಅದು ಗಾಳಿಯಿಂದ ಸದಾ ತುಂಬಿಕೊಳ್ಳುತ್ತದೆ. ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದ ಪೆಟ್ರೋಲಿಯಂನಲ್ಲಿ ಅದು ಉಳಿದೇ ಇಲ್ಲ. ಹೀಗಾಗಿ ನೈಸರ್ಗಿಕ ಎಂದು ಮಾರುವ ವೆನಿಲ್ಲಾ ಪರಿಮಳವೋ ವಿನೆಗರೋ ಗಿಡದಿಂದ ಬಂದದ್ದೇ ಅಥವಾ ಪೆಟ್ರೋಲಿಯಂನಿಂದ ಮಾಡಿದ್ದೇ ಎಂದು ತಿಳಿಯಬಹುದು. ಇದೇ ಪರೀಕ್ಷೆ ನಮ್ಮನ್ನು ಪ್ಯಾಕೆಟ್ಟಿನತ್ತ ಕರೆದೊಯ್ಯುತ್ತದೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಸಸ್ಯಜನ್ಯ ಎಂದು ಬರೆದ ಚೀಲಗಳು ಅಂಗಡಿಗೆ ಬಂದವು. ಅವುಗಳ ಇಂಗಾಲದಲ್ಲಿ ಎಷ್ಟು ಪಾಲು ನಿಜಕ್ಕೂ ಗಿಡದಿಂದ ಬಂದದ್ದು ಎಂಬುದನ್ನು ಇಂಗಾಲ-14 ಹೇಳುತ್ತದೆ. ಎಚ್ಚರಿಕೆ ಬೇಕಾದ್ದು ಇಲ್ಲಿ: ಗಿಡದಿಂದ ಬಂದದ್ದೆಲ್ಲ ಮಣ್ಣಿನಲ್ಲಿ ಕೊಳೆಯಬೇಕೆಂದಿಲ್ಲ. ಕಬ್ಬಿನಿಂದ ಮಾಡಿದ ಪಾಲಿಥೀನು ಪೆಟ್ರೋಲಿಯಂ ಪಾಲಿಥೀನಿನಷ್ಟೇ ಗಟ್ಟಿಪಿಂಡ.

ಆಹಾರದ ಚೀಲದ ಸುರಕ್ಷತೆಯನ್ನು ತಿಳಿಯಬೇಕಾದರೆ ವಿಕಿರಣ ಸಂಸ್ಕರಣೆಯನ್ನು ಸ್ವಲ್ಪ ಅರಿಯಬೇಕು. ಕಣದಲ್ಲಿ ಒಣಗುವ ಮೆಣಸಿನಕಾಯಿಗೆ ಧೂಳು, ಬೂಷ್ಟು, ಸೂಕ್ಷ್ಮಾಣುಗಳು ಸೇರುತ್ತವೆ. ಹಬೆಯಲ್ಲಿ ಬೇಯಿಸಿದರೆ ಬಣ್ಣ, ಪರಿಮಳ ಕೆಡುತ್ತವೆ. ಎಥಿಲೀನ್ ಆಕ್ಸೈಡ್ ಎಂಬ ಅನಿಲದಿಂದ ಸ್ವಚ್ಛ ಮಾಡುವ ಪದ್ಧತಿ ಇದೆ. ಅದರ ಶೇಷ ಉಳಿದಿದೆಯೆಂಬ ಕಾರಣಕ್ಕೆ 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಭಾರತದ ಕೆಲವು ಮಸಾಲೆ ಪುಡಿಗಳನ್ನು ತಡೆದವು. ಮೂರನೆಯ ದಾರಿ ಗ್ಯಾಮಾ ಕಿರಣ. ರಿಯಾಕ್ಟರಿನಲ್ಲಿ ಕೋಬಾಲ್ಟ್ ಲೋಹಕ್ಕೆ ನ್ಯೂಟ್ರಾನು ಉಣಿಸಿ, ಆ ಕಿರಣವನ್ನು ಸೂಸುವ ಕೋಬಾಲ್ಟ್-60 ತಯಾರಿಸುತ್ತಾರೆ. ದಪ್ಪ ಕಾಂಕ್ರೀಟು ಗೋಡೆಯ ಕೋಣೆಯಲ್ಲಿ, ಬಳಸದಿದ್ದಾಗ ಆಳವಾದ ನೀರಿನ ತೊಟ್ಟಿಯಲ್ಲಿ, ಅದನ್ನು ಇಡುತ್ತಾರೆ. ಮೊಹರು ಮಾಡಿದ ಪೆಟ್ಟಿಗೆಗಳು ಅದರ ಮುಂದೆ ಹಾದುಹೋಗುತ್ತವೆ. ಕಿರಣಗಳು ಸೂಕ್ಷ್ಮಾಣುವಿನ ವಂಶತಂತುವನ್ನು ಕತ್ತರಿಸುತ್ತವೆ.

ಇದರಿಂದ ಆಹಾರವೇ ವಿಕಿರಣಶೀಲವಾಗುವುದಿಲ್ಲವೇ? ಇಲ್ಲ. ಆಹಾರ ಕೋಬಾಲ್ಟನ್ನು ಮುಟ್ಟುವುದೇ ಇಲ್ಲ, ಬೆಳಕಿನಂತಹ ಕಿರಣವಷ್ಟೇ ಅದರ ಮೂಲಕ ಹಾದುಹೋಗುತ್ತದೆ. ಆ ಕಿರಣದ ಶಕ್ತಿ ಆಹಾರದಲ್ಲಿರುವ ಧಾತುಗಳ ಬೀಜಕೇಂದ್ರವನ್ನು ಬದಲಿಸಲು ಸಾಲದು. ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ: ಒಂದು ಕಿಲೋ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಒಂದು ಗ್ರೇ. ನಮ್ಮ ದೇಶದ 2012ರ ನಿಯಮಗಳ ಪ್ರಕಾರ ಉಳ್ಳಾಗಡ್ಡಿ, ಆಲೂಗಡ್ಡೆ ಮೊಳೆಯದಂತೆ ಮಾಡಲು 20ರಿಂದ 200 ಗ್ರೇ ಸಾಕು. ಕಾಳುಕಡ್ಡಿಯ ಹುಳು ಸಾಯಲು 250ರಿಂದ 1,000 ಗ್ರೇ. ಮಸಾಲೆಗಳಿಗೆ 6ರಿಂದ 14 ಕಿಲೋಗ್ರೇ. 10 ಕಿಲೋಗ್ರೇ ಎಂದರೂ ನೀರು ಬಿಸಿಯಾಗುವುದು ಎರಡೂವರೆ ಡಿಗ್ರಿಯೊಳಗೆ. ನವಿ ಮುಂಬಯಿಯ ವಾಶಿಯಲ್ಲಿ 2000ದಿಂದ ಮಸಾಲೆಗಳಿಗೆ ಈ ಸಂಸ್ಕರಣೆ ನಡೆಯುತ್ತಿದೆ. ಲಾಸಲಗಾಂವದ ಘಟಕದಲ್ಲಿ ಸಂಸ್ಕರಿಸಿದ ಮಾವು 2007ರಲ್ಲಿ ಅಮೆರಿಕಕ್ಕೆ ಹೋಯಿತು. ನಮ್ಮ ರಾಜ್ಯದಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಇಂಥ ಘಟಕ ಸ್ಥಾಪನೆಯಾಗಿದೆ.

ಪ್ಯಾಕೆಟ್ಟಿನಲ್ಲಿ ಮುಚ್ಚಿದ ಮೇಲೆಯೇ ಕಿರಣ ಹಾಯಿಸುವುದು ಇದರ ದೊಡ್ಡ ಅನುಕೂಲ. ಸ್ವಚ್ಛವಾದದ್ದು ಮತ್ತೆ ಮಲಿನವಾಗುವುದಿಲ್ಲ. ಆದರೆ ಆಗ ಕಿರಣ ಚೀಲಕ್ಕೂ ತಾಗುತ್ತದೆ. ಪ್ಲಾಸ್ಟಿಕ್ ಎಂದರೆ ಉದ್ದುದ್ದ ಅಣುಸರಪಳಿಗಳ ಹೆಣಿಗೆ. ಪಾಲಿಥೀನಿನಲ್ಲಿ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲಗೊಳ್ಳುತ್ತವೆ. ಪಾಲಿಪ್ರೊಪಿಲೀನಿನಲ್ಲಿ ಅವು ತುಂಡಾಗಿ ಪೆಡಸಾಗುತ್ತವೆ. ಪಿ.ವಿ.ಸಿ. ಬಣ್ಣಗೆಡುತ್ತದೆ, ಆಮ್ಲದ ಅನಿಲವನ್ನೂ ಬಿಡುತ್ತದೆ. ಆದ್ದರಿಂದ ಯಾವ ಚೀಲಕ್ಕೆ ಎಷ್ಟು ಪ್ರಮಾಣ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಚೀಲದಿಂದ ಆಹಾರಕ್ಕೆ ಏನಾದರೂ ಇಳಿಯುತ್ತದೆಯೇ ಎಂಬುದು ಮುಖ್ಯ ಪರೀಕ್ಷೆ. ಆಹಾರದ ಬದಲಿಗೆ ನೀರು, ತೆಳು ಆಮ್ಲ, ಮದ್ಯಸಾರ, ಎಣ್ಣೆಯಂತೆ ವರ್ತಿಸುವ ದ್ರವಗಳನ್ನು ಚೀಲದೊಳಗೆ ನಿಗದಿತ ಶಾಖದಲ್ಲಿ ನಿಗದಿತ ಹೊತ್ತು ಇಟ್ಟು, ಏನು ಬಿಟ್ಟಿತೆಂದು ತೂಗುತ್ತಾರೆ. ಭಾರತೀಯ ಮಾನಕದಲ್ಲಿ ಒಟ್ಟು ಮಿತಿ ಕಿಲೋಗೆ 60 ಮಿಲಿಗ್ರಾಂ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರದ ಪ್ಯಾಕಿಂಗಿಗೆಂದೇ ಒಂದು ವಿಭಾಗವಿದೆ. ತೂಕಕ್ಕೂ ಸಿಗದಷ್ಟು ಅಲ್ಪ ವಸ್ತುವನ್ನು ಹುಡುಕಬೇಕಾದಾಗ, ಪ್ಲಾಸ್ಟಿಕ್ಕಿಗೆ ಸೇರಿಸುವ ವಸ್ತುವಿನಲ್ಲಿ ಇಂಗಾಲ-14 ಇಟ್ಟು ಅದು ಎಲ್ಲಿಗೆ ಹೋಯಿತೆಂದು ಹಿಂಬಾಲಿಸುವ ವಿಧಾನವೂ ಉಂಟು. ಕಬ್ಬಿನ ಎಲೆಯಲ್ಲಿ ಮಾಡಿದ್ದೂ ಇದನ್ನೇ.

ಕಿರಣವನ್ನು ಚೀಲಕ್ಕಾಗಿಯೇ ಬಳಸುವುದೂ ಇದೆ. ಮಾವಿನ ತಿರುಳನ್ನು ದೂರದೇಶಕ್ಕೆ ಕಳಿಸುವ ಹಲವು ಪದರಗಳ ದೊಡ್ಡ ಚೀಲಗಳನ್ನು ಖಾಲಿ ಇರುವಾಗಲೇ ಗ್ಯಾಮಾ ಕಿರಣದಿಂದ ನಿರ್ಜೀವಾಣುಗೊಳಿಸುತ್ತಾರೆ. ತಿರುಳಿಗೆ ಕಿರಣ ತಾಗುವುದಿಲ್ಲ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗೋರಿಕಾಯಿಯ ಬೀಜದ ಅಂಟಿನಿಂದ ತೆಳುಹಾಳೆ ಮಾಡಿ, ಕಿರಣದಿಂದ ಅದರ ಬಲ ಹೆಚ್ಚಿಸುವ ಸಂಶೋಧನೆ ನಡೆಸಿದ್ದಾರೆ. ಮಣ್ಣಿನಲ್ಲಿ ಕರಗುವ ಇಂಥ ಹಾಳೆಗಳ ಬಗ್ಗೆ ನನಗೆ ಬಹಳ ಭರವಸೆಯಿದೆ. ನಮ್ಮಲ್ಲಿ ಬೆಳೆಯುವ ಗೋವಿನಜೋಳದ ಪಿಷ್ಟವೂ ಈ ಕೆಲಸಕ್ಕೆ ಬರುವಂಥದು.

ಮಿತಿಗಳನ್ನೂ ನೀವು ತಿಳಿದಿರಬೇಕು. ಗೋವಿನಜೋಳ, ಶೇಂಗಾ ಸರಿಯಾಗಿ ಒಣಗದಿದ್ದರೆ ಬೆಳೆಯುವ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಕಿರಣ ಆ ಬೂಷ್ಟನ್ನು ಕೊಲ್ಲಬಹುದು, ಆಗಲೇ ಬಿಟ್ಟಿರುವ ವಿಷವನ್ನು ಆಹಾರಕ್ಕೆ ಅನುಮತಿಸಿದ ಪ್ರಮಾಣದಲ್ಲಿ ಪೂರ್ತಿ ತೆಗೆಯಲಾರದು. ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಚೀಲ ಒಟ್ಟುವುದಕ್ಕೆ ಬದಲಿ ಇಲ್ಲ. ಕಿರಣ ಹಾಯಿಸಿ ಹೇಳದೆ ಮಾರುವವರನ್ನು ಹಿಡಿಯಲೂ ದಾರಿಯಿದೆ: ಮೆಣಸಿನಕಾಯಿಗೆ ಅಂಟಿದ ಹೊಲದ ಮಣ್ಣಿನ ಕಣಗಳು ಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವನ್ನು ಬೇರ್ಪಡಿಸಿ ಕಾಯಿಸಿದರೆ ಮಂದವಾದ ಬೆಳಕು ಬಿಡುತ್ತವೆ, ಉಪಕರಣ ಅದನ್ನು ಅಳೆಯುತ್ತದೆ. ಕಾನೂನಿನಂತೆ ಸಂಸ್ಕರಿಸಿದ ಪ್ಯಾಕೆಟ್ಟಿನ ಮೇಲೆ ವೃತ್ತದೊಳಗೆ ಎಲೆಯಿರುವ ಹಸಿರು ಗುರುತು, ಸಂಸ್ಕರಿಸಿದ ದಿನಾಂಕ, ಪರವಾನಗಿ ಸಂಖ್ಯೆ ಇರಲೇಬೇಕು. ಆ ಗುರುತು ಕಂಡರೆ ಹೆದರಬೇಡಿ, ಓದಿ ನೋಡಿ.

ಕೊನೆಯದಾಗಿ ರೈತರಲ್ಲಿ, ಬೆಳೆಗಾರರ ಸಂಘಗಳಲ್ಲಿ ಒಂದು ವಿನಂತಿ. ಎಂಥ ದುಬಾರಿ ಯಂತ್ರವಾದರೂ ಒಂದು ಅಂಕಿಯನ್ನಷ್ಟೇ ಕೊಡುತ್ತದೆ. ಆ ಅಂಕಿ ಬ್ಯಾಡಗಿಯದೋ ಬೇರೆ ಊರಿನದೋ ಎಂದು ಹೇಳಲು, ನಿಜವಾಗಿ ಈ ಸೀಮೆಯಲ್ಲಿ ಬೆಳೆದ ಕಾಯಿಗಳ ಅಂಕಿಗಳು ಮೊದಲೇ ದಾಖಲಾಗಿರಬೇಕು, ಬೇರೆ ಬೇರೆ ಹೊಲಗಳಿಂದ, ಹಲವು ವರ್ಷಗಳವು. ಆದ್ದರಿಂದ ಪ್ರತಿ ಸುಗ್ಗಿಯಲ್ಲೂ ಹಿಡಿಯಷ್ಟು ಕಾಯಿ, ಹಿಡಿಯಷ್ಟು ಹೊಲದ ಮಣ್ಣನ್ನು ಒಣಗಿಸಿ, ಊರು, ಸರ್ವೆ ನಂಬರು, ತಳಿ, ನೀರಿನ ಮೂಲ, ವರ್ಷ ಬರೆದು ಭದ್ರವಾಗಿ ಎತ್ತಿಡಿ. ಹತ್ತಿರದ ಕಾಲೇಜಿನ ವಿಜ್ಞಾನ ವಿಭಾಗವನ್ನೂ ಈ ಕೆಲಸಕ್ಕೆ ಕರೆಯಿರಿ. ಸ್ಥಿರ ಸಮಸ್ಥಾನಿಗಳು ಕೆಡುವುದಿಲ್ಲ. ಈ ವರ್ಷ ಎತ್ತಿಟ್ಟ ಕಾಯಿಯನ್ನು ಇನ್ನು ಇಪ್ಪತ್ತು ವರ್ಷ ಬಿಟ್ಟು ಅಳೆದರೂ ಅದೇ ಅಂಕಿ ಬರುತ್ತದೆ.